‘ಪಾಪಿ’ ಎಂಬ ಹೆಸರು ಅಂಟಿಸಿದವರು ಯಾರು? ಪರ್ಷಿಯಾದ ಒಂದನೇ ಯಜ್ದಗರ್ದ್‌ನ ಪ್ರಕರಣ

ನಮ್ಮ ಪೊಲೀಸ್ ಠಾಣೆಯಲ್ಲಿ ಕೇಸು ದಾಖಲಾದರೆ ಅದಕ್ಕೊಂದು ‘ಗುನ್ನೆ ನಂಬರ್’ ಬೀಳುತ್ತದೆ. ಈ ಗುನ್ನೆ ಪರ್ಷಿಯನ್ ಭಾಷೆಯ ‘ಗುನಾಹ್’. ಅಲ್ಲಿ ಅದಕ್ಕೆ ಅಪರಾಧ, ಪಾಪ ಎರಡೂ ಅರ್ಥ ಇದೆ. ದೂರು ಕೊಟ್ಟವನಿಗೆ ‘ಫಿರ್ಯಾದಿ’ ಅನ್ನುತ್ತೇವಲ್ಲ, ಅದೂ ಅಲ್ಲಿಂದಲೇ ಬಂದದ್ದು. ಈ ಎರಡು ಪದ ಕೈಲಿಟ್ಟುಕೊಂಡು ಸಾವಿರದ ಆರುನೂರು ವರ್ಷ ಹಳೆಯ ಒಂದು ಕೇಸು ಬಿಚ್ಚಿ ನೋಡೋಣ.

ಆರೋಪಿ ಪರ್ಷಿಯಾದ ರಾಜ, ಸಸಾನಿ ವಂಶದ ಒಂದನೇ ಯಜ್ದಗರ್ದ್. ಆಳಿದ್ದು ಕ್ರಿ.ಶ. 399ರಿಂದ 420ರವರೆಗೆ. ಫಿರ್ಯಾದಿಗಳು ಅವನದೇ ದರಬಾರಿನ ದೊಡ್ಡ ಮನೆತನಗಳು ಮತ್ತು ಬೆಂಕಿಗುಡಿಗಳ, ಅಂದರೆ ಈಗಿನ ಪಾರ್ಸಿಗಳ ಧರ್ಮದ ಗುಡಿಗಳ, ಪುರೋಹಿತರು. ಅವರು ಅವನಿಗೆ ಇಟ್ಟ ಹೆಸರು ‘ಬಜಾಗರ್’, ಅಂದರೆ ಪಾಪಿ. ಅರಬ್ಬಿಗೆ ಹೋದಾಗ ಅದು ‘ಅಲ್ ಅಥೀಮ್’ ಆಯಿತು. ಅರ್ಥ ಅದೇ. ಯಜ್ದಗರ್ದ್ ಅಂದರೆ ‘ದೇವರು ಮಾಡಿದವನು’. ಆ ಹೆಸರಿನ ಪಕ್ಕ ಪಾಪಿ ಅಂತ ಬರೆದು ಸಾವಿರ ವರ್ಷ ಹಾಗೆಯೇ ಓದಿಸಿದರು.

ಒಂದು ಗೊಂದಲ ಮೊದಲೇ ತಪ್ಪಿಸಿಬಿಡೋಣ. ಭಾರತದ ಪಾರ್ಸಿಗಳ ಪಂಚಾಂಗ ಒಬ್ಬ ಯಜ್ದಗರ್ದ್‌ನ ಹೆಸರಲ್ಲೇ ಓಡುತ್ತದೆ, 632ರಿಂದ ಲೆಕ್ಕ. ಅವನು ಮೂರನೆಯವನು, ಅರಬ್ಬರಿಗೆ ರಾಜ್ಯ ಕಳೆದುಕೊಂಡವನು. ನಮ್ಮ ಆರೋಪಿ ಅವನಿಗಿಂತ ಇನ್ನೂರು ವರ್ಷ ಹಿಂದಿನವನು.

ಆರೋಪಪಟ್ಟಿಯಲ್ಲಿ ಏನಿದೆ

ಸಸಾನಿ ಅರಮನೆಯಲ್ಲಿ ರಾಜರ ಚರಿತ್ರೆ ಬರೆದಿಡುವ ಪದ್ಧತಿ ಇತ್ತು. ‘ಖ್ವದಾಯ್ ನಾಮಗ್’, ಅಂದರೆ ಒಡೆಯರ ಪುಸ್ತಕ. ಮೂಲ ಈಗ ಉಳಿದಿಲ್ಲ. ಅದರ ಸರಕು ಅರಬ್ಬಿ ಮತ್ತು ಪರ್ಷಿಯನ್ ಗ್ರಂಥಗಳಿಗೆ ಹರಿದು ಬಂತು. 923ರಲ್ಲಿ ತೀರಿಕೊಂಡ ತಬರಿಯ ಇತಿಹಾಸದಲ್ಲಿ, 1010ರಲ್ಲಿ ಫಿರ್ದೌಸಿ ಮುಗಿಸಿದ ಶಾನಾಮೆಯಲ್ಲಿ ನಮಗೆ ಸಿಗುವುದು ಹೆಚ್ಚುಕಡಿಮೆ ಇದೇ ಸರಕು. ಆ ಪುಸ್ತಕ ಬರೆದಿಟ್ಟವರು ಗುಮಾಸ್ತರು, ಪುರೋಹಿತರು. ಅದರಲ್ಲಿ ಹೆಚ್ಚಾಗಿ ಕೇಳಿಸುವುದು ದೊಡ್ಡ ಮನೆತನದವರ ದನಿಯೇ. ಅಂದರೆ ಫಿರ್ಯಾದಿಯೇ ಪಂಚನಾಮೆ ಬರೆದ ಹಾಗಾಯಿತು.

ತಬರಿಯ ಪಟ್ಟಿ ಓದಿ ನೋಡಿ. ರಾಜ ಒರಟ. ಬುದ್ಧಿ ಜಾಸ್ತಿ, ಆದರೆ ಅದನ್ನು ಕುತಂತ್ರಕ್ಕೆ ಬಳಸುತ್ತಿದ್ದ. ಸಣ್ಣ ತಪ್ಪಿಗೂ ದೊಡ್ಡ ಶಿಕ್ಷೆ. ಯಾರನ್ನೂ ನಂಬುತ್ತಿರಲಿಲ್ಲ. ಇಷ್ಟರವರೆಗೆ ಯಾವ ಕೆಟ್ಟ ರಾಜನಿಗಾದರೂ ಹೊಂದುವ ಮಾತುಗಳು. ಇವುಗಳಿಂದ ಏನೂ ತಿಳಿಯುವುದಿಲ್ಲ.

ಆಮೇಲೆ ಮೂರು ವಿವರ ಬರುತ್ತವೆ. ನನ್ನ ಕಣ್ಣು ಅಲ್ಲೇ ನಿಂತಿತು.

ಮೊದಲನೆಯದು. ಯಾರಾದರೂ ಧೈರ್ಯ ಮಾಡಿ ಇನ್ನೊಬ್ಬರ ಪರವಾಗಿ ಮಾತಾಡಿದರೆ ರಾಜ ಕೇಳುತ್ತಿದ್ದನಂತೆ: ಅವನ ಪರ ಮಾತಾಡೋಕೆ ಎಷ್ಟು ಕೊಡ್ತೀನಿ ಅಂದಿದ್ದಾನೆ? ಈಗಾಗಲೇ ಎಷ್ಟು ಇಸ್ಕೊಂಡಿದ್ದೀಯ?

ಇದನ್ನು ದೋಷ ಅಂತ ಬರೆದಿದ್ದಾರೆ! ಸರಕಾರಿ ಕಚೇರಿ ಮೆಟ್ಟಿಲು ಹತ್ತಿ ಇಳಿದವರಿಗೆ ಈ ಪ್ರಶ್ನೆ ಕೇಳಿದರೆ ನಗು ಬರುತ್ತದೆ, ಅಲ್ವಾ? ಶಿಫಾರಸು ಅನ್ನುವ ಪದವೂ ಪರ್ಷಿಯನ್ನಿಂದ ಬಂದದ್ದೇ. ಶಿಫಾರಸಿನ ಬೆಲೆ ಎಷ್ಟು ಅಂತ ಮುಖದ ಮೇಲೆ ಕೇಳುವ ಒಡೆಯ ಅದರಿಂದಲೇ ಬದುಕುವವರಿಗೆ ಪಾಪಿಯೇ.

ಎರಡನೆಯದು. ತನ್ನ ಹತ್ತಿರದ ಅಧಿಕಾರಿಯೊಬ್ಬ ಅದೇ ದರ್ಜೆಯ ಇನ್ನೊಬ್ಬನ ಜೊತೆ ಸಲಿಗೆಯಿಂದ ಇದ್ದಾನೆ ಅಂತ ಗೊತ್ತಾದರೆ ರಾಜ ಅವನನ್ನು ಕೆಲಸದಿಂದ ತೆಗೆಯುತ್ತಿದ್ದ. ಮೇಲ್ನೋಟಕ್ಕೆ ಹುಚ್ಚು ಅನುಮಾನ. ಆದರೆ ಅವನಿಗಿಂತ ಮುಂಚೆ ಆ ಸಿಂಹಾಸನದಲ್ಲಿ ಕೂತವರ ಕಥೆ ಕೇಳಿದರೆ ಹಾಗೆ ಅನಿಸುವುದಿಲ್ಲ. ಅದಕ್ಕೆ ಈಗಲೇ ಬರುತ್ತೇನೆ.

ಮೂರನೆಯದು. ಇಂಥ ವಿಷಯಗಳಲ್ಲಿ ಅವನ ಹತ್ತಿರ ಬಾಯಿ ಬಿಡಲು ಆಗುತ್ತಿದ್ದುದು ಬೇರೆ ದೇಶದ ರಾಜರು ಕಳಿಸಿದ ದೂತರಿಗೆ ಮಾತ್ರ. ಈ ಸಾಲನ್ನು ನೆನಪಿಡಿ. ಗಡಿಯಾಚೆಯ ಸಾಕ್ಷಿಗಳನ್ನು ಕರೆದಾಗ ಇದು ಬೇಕಾಗುತ್ತದೆ.

ಡೇರೆಯ ಹಗ್ಗ

ಎರಡನೇ ಶಾಪುರ್ ಎಪ್ಪತ್ತು ವರ್ಷ ಆಳಿ 379ರಲ್ಲಿ ಸತ್ತ. ಅವನಂಥ ಗಟ್ಟಿ ಆಸಾಮಿ ಹೋದ ಮೇಲೆ ದೊಡ್ಡ ಮನೆತನಗಳಿಗೆ ಕೈಕಾಲು ಬಂತು. ಸುರೇನ್, ಕಾರೆನ್, ಮಿಹ್ರಾನ್ ಇಂಥ ಮನೆತನಗಳು ಸಸಾನಿ ವಂಶಕ್ಕಿಂತ ಮುಂಚಿನಿಂದ ಇದ್ದವು. ಅವರಿಗೆ ಸ್ವಂತ ಜಮೀನು, ಸ್ವಂತ ಕುದುರೆ ಸೈನ್ಯ. ನಮ್ಮ ಪಾಳೇಗಾರರನ್ನು ನೆನೆಸಿಕೊಳ್ಳಿ, ಅದರ ಹತ್ತುಪಟ್ಟು ದೊಡ್ಡವರು.

ಮುಂದಿನ ರಾಜ ಎರಡನೇ ಅರ್ದಶೀರ್. ಸರದಾರರ ಮೇಲೆ ಕೈ ಮಾಡಿದ. ನಾಲ್ಕೇ ವರ್ಷಕ್ಕೆ ಅವನನ್ನು ಇಳಿಸಿದರು. ಆಮೇಲೆ ಮೂರನೇ ಶಾಪುರ್. ಅವನು ಡೇರೆಯೊಳಗೆ ಇದ್ದಾಗ ಸರದಾರರು ಡೇರೆಯ ಹಗ್ಗ ಕತ್ತರಿಸಿದರು ಅಂತ ತಬರಿ ಬರೆಯುತ್ತಾನೆ. ಡೇರೆ ಮೇಲೆ ಬಿದ್ದು ರಾಜ ಸತ್ತ. ಅದು 388. ಅವನ ನಂತರ ಬಂದ ನಾಲ್ಕನೇ ಬಹ್ರಾಮ್‌ಗೆ ತನ್ನವರೇ ಬಾಣ ಬಿಟ್ಟರು. ಅದು 399. ಇಪ್ಪತ್ತು ವರ್ಷದಲ್ಲಿ ಮೂರು ರಾಜರು. ಒಬ್ಬನ ಆಳ್ವಿಕೆಯೂ ಸಹಜ ಸಾವಿನಿಂದ ಮುಗಿಯಲಿಲ್ಲ.

ಹಾಗೆ ಖಾಲಿಯಾದ ಗಾದಿಗೆ ಬಂದವನು ಯಜ್ದಗರ್ದ್. ಅವನ ಜಾಗದಲ್ಲಿ ನಿಂತು ಒಂದು ಕ್ಷಣ ಯೋಚಿಸಿ. ಪಕ್ಕದ ಕೋಣೆಯಲ್ಲಿ ಇಬ್ಬರು ಸೇನಾಪತಿಗಳು ಗುಸುಗುಸು ಮಾತಾಡುತ್ತಿದ್ದಾರೆ. ನಿಮ್ಮ ಡೇರೆಗೂ ಹಗ್ಗ ಇದೆ. ಇಬ್ಬರಲ್ಲಿ ಒಬ್ಬನನ್ನಾದರೂ ಕೆಲಸದಿಂದ ತೆಗೆಯದೆ ನಿದ್ದೆ ಬರುತ್ತದೆಯೇ?

ಹಾಗಂತ ಅವನನ್ನು ಸಾಧು ಮಾಡಲು ಹೊರಟಿಲ್ಲ. ಅವನು ಕಠಿಣನೇ ಇದ್ದಿರಬೇಕು. ಅಂಥ ಗಾದಿಯಲ್ಲಿ ಇಪ್ಪತ್ತೊಂದು ವರ್ಷ ಉಳಿಯುವುದು ಮೆತ್ತಗಿನವರಿಂದ ಆಗುವ ಕೆಲಸವಲ್ಲ.

ಆರೋಪಿಯ ಸ್ವಂತ ಮಾತು

ರಾಜ ತಾನೇ ಬರೆಸಿದ್ದು ಏನಾದರೂ ಉಳಿದಿದೆಯೇ? ಉಳಿದಿದೆ, ಬೆಳ್ಳಿ ನಾಣ್ಯಗಳ ಮೇಲೆ. ಸಸಾನಿ ದ್ರಮ್ಮ ಸುಮಾರು ನಾಲ್ಕು ಗ್ರಾಂ ತೂಗುವ ತೆಳ್ಳನೆಯ ಬಿಲ್ಲೆ. ಒಂದು ಕಡೆ ಕಿರೀಟದ ರಾಜ, ಅವನ ಕಿರೀಟದ ಮುಂಭಾಗದಲ್ಲಿ ಅರ್ಧಚಂದ್ರ. ಇನ್ನೊಂದು ಕಡೆ ಉರಿಯುವ ಬೆಂಕಿಯ ಪೀಠ, ಅದರ ಎರಡೂ ಬದಿಗೆ ಇಬ್ಬರು ಕಾವಲಿನವರು. ಸುತ್ತ ಬರಹದಲ್ಲಿ ಅವನು ತಮ್ಮ ಧರ್ಮದ ದೇವರಾದ ಮಜ್ದಾನನ್ನು ಪೂಜಿಸುವವನು ಅಂತ ಹಿಂದಿನ ಸಸಾನಿ ರಾಜರಂತೆ ಹೇಳಿಕೊಳ್ಳುತ್ತಾನೆ. ಜೊತೆಗೆ ಹೊಸದಾಗಿ ಒಂದು ಪದ ಸೇರಿಸುತ್ತಾನೆ: ‘ರಾಮ್‌ಶಹ್ರ್’. ರಾಜ್ಯವನ್ನು ನೆಮ್ಮದಿಯಲ್ಲಿ ಇಟ್ಟವನು ಅಂತ ಅರ್ಥ.

ಈ ಪದ ಸುಮ್ನೆ ಆರಿಸಿದ್ದಲ್ಲ. ಆ ಧರ್ಮ ಸ್ಥಾಪಿಸಿದ ಜರತುಷ್ಟ್ರನಿಗೆ ಆಸರೆ ಕೊಟ್ಟ ಪುರಾಣದ ರಾಜ ವಿಶ್ತಾಸ್ಪನಿಗೆ ಹಳೆಯ ಪಠ್ಯಗಳಲ್ಲಿ ಇದೇ ಬಿರುದು ಇದೆ. ಧರ್ಮ ಬಿಟ್ಟವನು ಅಂತ ಪುರೋಹಿತರು ಬೈಯುತ್ತಿದ್ದ ರಾಜ, ಆ ಧರ್ಮದ ಮೊದಲ ಪೋಷಕನ ಬಿರುದನ್ನೇ ತನ್ನ ನಾಣ್ಯಕ್ಕೆ ಹಾಕಿಸಿದ. ಇದು ಪುರೋಹಿತರಿಗೆ ಕೊಟ್ಟ ಉತ್ತರ ಅಂತ ನನಗೆ ಅನಿಸುತ್ತದೆ. ನೀವು ಕಲಿಸಿದ ಪಾಠದಲ್ಲಿ ಒಳ್ಳೆ ರಾಜ ಯಾರೋ, ನಾನೂ ಅವನ ಸಾಲಿನವನೇ ಅನ್ನುವ ಧಾಟಿ.

ನೆಮ್ಮದಿ ಅಂದದ್ದು ಬರೀ ಬಾಯಿಮಾತಲ್ಲ. ಅವನ ಇಡೀ ಆಳ್ವಿಕೆಯಲ್ಲಿ ರೋಮ್ ಜೊತೆ ದೊಡ್ಡ ಯುದ್ಧ ನಡೆಯಲಿಲ್ಲ. ಅವನ ಕಾಲದಲ್ಲೇ ರೋಮನ್ನರು ಗಡಿ ವ್ಯಾಪಾರಕ್ಕೆ ಮೂರು ಊರು ಗೊತ್ತು ಮಾಡಿದರು: ನಿಸಿಬಿಸ್, ಕಲ್ಲಿನಿಕಮ್, ಅರ್ತಕ್ಸಾಟ. ವ್ಯಾಪಾರಿಗಳಿಗೆ ಸುಖ, ಖಜಾನೆಗೂ ಸುಖ. ಯುದ್ಧ ಮಾಡಿ ಲೂಟಿ ಮತ್ತು ಹೆಸರು ತರುವ ಸರದಾರ ಮನೆತನಗಳಿಗೆ ಮಾತ್ರ ಇಪ್ಪತ್ತು ವರ್ಷ ಕೈಗೆ ಕೆಲಸವಿಲ್ಲ. ಆರೋಪಪಟ್ಟಿಯಲ್ಲಿ ಇದನ್ನು ಯಾರೂ ಬರೆದಿಲ್ಲ, ಬರೆಯುವುದೂ ಇಲ್ಲ.

ಗಡಿಯಾಚೆಯ ಸಾಕ್ಷಿಗಳು, ಊರೊಳಗಿನ ಸಾಕ್ಷಿಗಳು

ರೋಮನ್ ಇತಿಹಾಸಕಾರ ಪ್ರೊಕೋಪಿಯಸ್ ಒಂದು ಸಂಗತಿ ಹೇಳುತ್ತಾನೆ. 408ರಲ್ಲಿ ಚಕ್ರವರ್ತಿ ಅರ್ಕಾಡಿಯಸ್ ಸಾಯುವಾಗ ಮಗ ಥಿಯೊಡೋಸಿಯಸ್‌ಗೆ ಏಳು ವರ್ಷ. ನೆಂಟರನ್ನು ನಂಬುವಂತಿರಲಿಲ್ಲ. ಉಯಿಲಿನಲ್ಲಿ ಮಗುವಿಗೆ ಪೋಷಕ ಅಂತ ಯಜ್ದಗರ್ದ್‌ನ ಹೆಸರು ಬರೆದ. ಶತ್ರು ದೇಶದ ರಾಜನ ಹೆಸರು! ಯಜ್ದಗರ್ದ್ ಆ ಮಾತು ಉಳಿಸಿಕೊಂಡ. ಪ್ರೊಕೋಪಿಯಸ್ ಇದನ್ನು ಬರೆದದ್ದು ಸುಮಾರು ನೂರ ನಲವತ್ತು ವರ್ಷ ಆದ ಮೇಲೆ. ಅವನ ನಂತರ ಬಂದ ಅಗಾಥಿಯಸ್ ಇದನ್ನು ಪೂರ್ತಿ ನಂಬುವುದಿಲ್ಲ. ಉಯಿಲು ಇತ್ತೋ ಇಲ್ಲವೋ, ರೋಮಿನಲ್ಲಿ ಅವನ ಹೆಸರು ಹೀಗಿತ್ತು ಅನ್ನುವುದಂತೂ ನಿಜ.

ಊರೊಳಗೆ ಬಂದರೆ ಯಹೂದಿಗಳ ಸಾಕ್ಷಿ ಇದೆ. ಅವರ ಧರ್ಮಗ್ರಂಥವಾದ ಬಾಬಿಲೋನಿಯದ ತಾಲ್ಮುಡ್‌ನಲ್ಲಿ ಅವನ ದರಬಾರಿನ ಪುಟ್ಟ ದೃಶ್ಯವೊಂದು ಸಿಗುತ್ತದೆ. ಯಹೂದಿಗಳ ಮುಖಂಡ ಹುನಾ ಬರ್ ನಾಥನ್ ರಾಜನ ಮುಂದೆ ನಿಂತಿದ್ದಾನೆ. ಅವನ ಸೊಂಟಪಟ್ಟಿ ಸ್ವಲ್ಪ ಮೇಲಕ್ಕೆ ಸರಿದಿದೆ. ಶಹನ್‌ಶಾಹ ತಾನೇ ಕೈ ಚಾಚಿ ಪಟ್ಟಿಯನ್ನು ಕೆಳಕ್ಕೆ ಎಳೆದು ಸರಿ ಮಾಡುತ್ತಾನೆ. ನಿಮ್ಮನ್ನು ಪುರೋಹಿತರ ರಾಜ್ಯ, ಪವಿತ್ರ ಜನ ಅಂತ ನಿಮ್ಮ ಗ್ರಂಥ ಕರೆಯುತ್ತದೆ, ಹಾಗೇ ಕಟ್ಟಿಕೊಳ್ಳಬೇಕಲ್ವಾ ಅನ್ನುತ್ತಾನೆ.

ಜರತುಷ್ಟ್ರನ ಧರ್ಮದವರೂ ಸೊಂಟಕ್ಕೆ ಪವಿತ್ರ ದಾರ ಕಟ್ಟುತ್ತಾರೆ. ಪಟ್ಟಿ ಎಲ್ಲಿರಬೇಕು ಅನ್ನುವುದು ಅವನಿಗೆ ಗೊತ್ತಿರುವ ವಿಷಯ. ಆದರೆ ಬೇರೆ ಧರ್ಮದವರ ಗ್ರಂಥದ ಸಾಲು ಬಾಯಿಗೆ ಬರಬೇಕಾದರೆ ಯಾರೋ ಹೇಳಿಕೊಟ್ಟಿರಬೇಕು. ಅವನ ಹೆಂಡತಿ ಶುಷಾನ್‌ದುಖ್ತ್ ಯಹೂದಿ ಮುಖಂಡನ ಮಗಳು ಅಂತ ಇರಾನಿನ ಪಟ್ಟಣಗಳ ಬಗ್ಗೆ ಇರುವ ಪಹ್ಲವಿಯ, ಅಂದರೆ ಹಳೆಯ ಪರ್ಷಿಯನ್ನಿನ, ಗ್ರಂಥವೊಂದು ಹೇಳುತ್ತದೆ.

ಕ್ರೈಸ್ತರ ಸಾಕ್ಷಿ ಇನ್ನೂ ದೊಡ್ಡದು. ಎರಡನೇ ಶಾಪುರ್‌ನ ಕಾಲದಲ್ಲಿ, ಸುಮಾರು 340ರಿಂದ ಶುರುವಾಗಿ, ಅವರು ಬಹಳ ಪೆಟ್ಟು ತಿಂದಿದ್ದರು. ಯಜ್ದಗರ್ದ್ ಬಂದ ಮೇಲೆ ಸೆರೆಯಲ್ಲಿದ್ದವರು ಬಿಡುಗಡೆಯಾದರು, ಚರ್ಚುಗಳನ್ನು ಮತ್ತೆ ಕಟ್ಟಲು ಒಪ್ಪಿಗೆ ಸಿಕ್ಕಿತು. 410ರಲ್ಲಿ ರಾಜನ ಅಪ್ಪಣೆಯಂತೆ ರಾಜಧಾನಿ ಸೆಲ್ಯೂಸಿಯ–ಟೆಸಿಫಾನ್‌ನಲ್ಲಿ, ಅಂದರೆ ಈಗಿನ ಬಾಗ್ದಾದಿನ ಹತ್ತಿರ, ಸುಮಾರು ನಲವತ್ತು ಬಿಷಪ್ಪರು ಸಭೆ ಸೇರಿದರು. ಐಸಾಕ್ ಎಂಬ ಮುಖ್ಯ ಬಿಷಪ್ಪನನ್ನು ಎಲ್ಲರ ಮೇಲೆ ನಿಲ್ಲಿಸಿದ್ದು ರಾಜಾಜ್ಞೆ. ಅದನ್ನು ಸಭೆಯಲ್ಲಿ ಓದಿ ಹೇಳಿದವರು ರಾಜನ ಇಬ್ಬರು ಅಧಿಕಾರಿಗಳು.

ಇದರಲ್ಲಿ ಬರೀ ಉದಾರತೆ ಇದೆ ಅಂತ ನಂಬಲು ನಾನು ತಯಾರಿಲ್ಲ. ಚದುರಿದ ಒಂದು ಗುಂಪಿಗೆ ಒಬ್ಬ ಯಜಮಾನನನ್ನು ಕೂರಿಸಿದರೆ ಆ ಯಜಮಾನ ನಿಮ್ಮ ಮಾತು ಕೇಳುತ್ತಾನೆ. ಮುಂದೆ ಯಹಬಲ್ಲಾಹ ಎಂಬ ಮುಖ್ಯ ಬಿಷಪ್ ರಾಜನ ದೂತನಾಗಿ ಪೂರ್ವ ರೋಮನ್ನರ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ಗೂ ಹೋಗಿಬಂದ. ಸರದಾರರಿಗೂ ಪುರೋಹಿತರಿಗೂ ಸಂಬಂಧವಿಲ್ಲದ ಕೈಗಳು ರಾಜನಿಗೆ ಬೇಕಿದ್ದವು, ಅವು ಸಿಕ್ಕವು.

ಬೆಂಕಿಯೊಳಗಿನ ದನಿ

ಈಗ ಆ ದೂತರ ಸಾಲಿಗೆ ಬರೋಣ. ರೋಮ್‌ನಿಂದ ಬಂದ ದೂತರಲ್ಲಿ ಮಾರೂತಾ ಎಂಬ ಬಿಷಪ್ ಇದ್ದ. ರಾಜನಿಗೆ ಹಳೆಯ ತಲೆನೋವು. ಪುರೋಹಿತರ ಕೈಲಿ ವಾಸಿಯಾಗಲಿಲ್ಲ, ಮಾರೂತಾನ ಪ್ರಾರ್ಥನೆಯಿಂದ ಹೋಯಿತು ಅಂತ ಸಾಕ್ರೆಟಿಸ್ ಎಂಬ ಚರ್ಚ್ ಇತಿಹಾಸಕಾರ ಬರೆಯುತ್ತಾನೆ. ತತ್ವಜ್ಞಾನಿ ಸಾಕ್ರೆಟಿಸ್ ಅಲ್ಲ, ಇವನು ಐದನೇ ಶತಮಾನದವನು.

ಪುರೋಹಿತರಿಗೆ ಹೆದರಿಕೆ ಹತ್ತಿತು. ರಾಜ ದಿನಾ ಪೂಜೆಗೆ ಬರುವ ಬೆಂಕಿಗುಡಿಯಲ್ಲಿ ನೆಲ ಅಗೆದು ಒಬ್ಬ ಮನುಷ್ಯನನ್ನು ಅಡಗಿಸಿದರು. ರಾಜ ಬೆಂಕಿಯ ಮುಂದೆ ನಿಂತಾಗ ಕೆಳಗಿನಿಂದ ದನಿ ಬಂತು: ಈ ರಾಜನನ್ನು ಆಚೆ ಹಾಕಿ, ಇವನು ಕ್ರೈಸ್ತ ಪೂಜಾರಿಯನ್ನು ಹಚ್ಚಿಕೊಂಡು ಪಾಪ ಮಾಡಿದ್ದಾನೆ. ರಾಜ ಗಾಬರಿಯಾದ. ಮಾರೂತಾನನ್ನು ಇಷ್ಟಪಟ್ಟರೂ ವಾಪಸ್ ಕಳಿಸಲು ಹೊರಟ. ಮಾರೂತಾ ಹೇಳಿದ್ದು ಇಷ್ಟೇ: ದನಿ ಬರುವ ಜಾಗ ಅಗೆಸಿ ನೋಡು. ರಾಜ ಮತ್ತೆ ಗುಡಿಗೆ ಹೋದ, ಮತ್ತೆ ದನಿ ಬಂತು, ಅಗೆಸಿದ. ಒಳಗಿದ್ದವನು ಸಿಕ್ಕಿಬಿದ್ದ. ಪುರೋಹಿತ ಕುಲದಲ್ಲಿ ಹತ್ತಕ್ಕೆ ಒಬ್ಬನಂತೆ ಕೊಲ್ಲಿಸಿದ ಅಂತ ಸಾಕ್ರೆಟಿಸ್ ಬರೆಯುತ್ತಾನೆ.

ಕಥೆ ಹೀಗೇ ನಡೆಯಿತೇ? ಬರೆದವನು ಎದುರು ಪಕ್ಷದವನು, ಅವನಿಗೂ ತನ್ನ ಲಾಭ ಇದೆ. ರಾಜ ಇನ್ನೇನು ಕ್ರೈಸ್ತನಾಗುವವನಿದ್ದ ಅಂತಲೂ ಅವನು ಸೇರಿಸುತ್ತಾನೆ. ನಾಣ್ಯದ ಮೇಲೆ ಬೆಂಕಿಪೀಠ ಕೊನೆವರೆಗೂ ಉರಿಯುತ್ತಲೇ ಇದೆ, ಆ ಮಾತು ನಿಲ್ಲುವುದಿಲ್ಲ. ಆದರೆ ಒಂದನ್ನು ಗಮನಿಸಿ. ತಬರಿಯ ಪಟ್ಟಿಯಲ್ಲಿ ಅವನ ಶತ್ರುಗಳು ವಿದೇಶಿ ದೂತರ ಮಾತು ಮಾತ್ರ ಕೇಳುತ್ತಾನೆ ಅಂತ ಗೊಣಗುತ್ತಾರೆ. ಇಲ್ಲಿ ವಿದೇಶಿ ದೂತನ ಕಡೆಯವನು ನಮ್ಮವನ ಮಾತು ರಾಜ ಕೇಳಿದ ಅಂತ ಹಿಗ್ಗುತ್ತಿದ್ದಾನೆ. ಒಬ್ಬರ ಪುಸ್ತಕ ಇನ್ನೊಬ್ಬರು ಓದಿರಲಿಕ್ಕಿಲ್ಲ. ಎರಡು ಪಕ್ಷದವರೂ ಒಂದೇ ಮಾತು ಹೇಳಿದರೆ ಅದನ್ನು ಸಾಕ್ಷಿ ಅಂತ ಇಟ್ಟುಕೊಳ್ಳಬಹುದು.

ಕೊನೆಯ ಒಂದೆರಡು ವರ್ಷ

ಇಲ್ಲಿಗೆ ನಿಲ್ಲಿಸಿದರೆ ಕೇಸು ಸುಲಭ, ರಾಜ ನಿರ್ದೋಷಿ. ಆದರೆ ಕೊನೆಯಲ್ಲಿ ಅದೇ ರಾಜ ಕ್ರೈಸ್ತರನ್ನು ಕೊಲ್ಲಿಸಿದ.

ಹೊರ್ಮಿಜ್ದ್–ಅರ್ದಶೀರ್ ಪಟ್ಟಣದಲ್ಲಿ, ಈಗಿನ ಅಹ್ವಾಜ್, ಅಬ್ದಾ ಎಂಬ ಬಿಷಪ್ಪನ ಕಡೆಯವರು ಒಂದು ಬೆಂಕಿಗುಡಿಯನ್ನು ಕೆಡವಿದರು. ರಾಜ ಅವನನ್ನು ಕರೆಸಿ ಮೊದಲು ಮೆತ್ತಗೇ ಮಾತಾಡಿದ, ಗುಡಿ ಕಟ್ಟಿಸಿಕೊಡು ಅಂದ. ಹೀಗಂತ ಬರೆದವನು ಥಿಯೊಡೊರೆಟ್, ಸ್ವತಃ ಬಿಷಪ್. ಅಬ್ದಾ ಒಪ್ಪಲಿಲ್ಲ. ಜೀವ ಹೋಯಿತು, ಚರ್ಚುಗಳೂ ಉರುಳಿದವು. ಗುಡಿ ಕೆಡವಿದ್ದು ತಪ್ಪು, ಆದರೆ ಕಟ್ಟಲ್ಲ ಅಂದದ್ದು ಸರಿ ಅಂತ ಥಿಯೊಡೊರೆಟ್ ತೀರ್ಪು ಕೊಡುತ್ತಾನೆ. ಅಡ್ಡಗೋಡೆಯ ಮೇಲೆ ದೀಪ ಇಡುವುದು ಅಂದರೆ ಇದೇ.

ಇನ್ನೊಂದು ಪ್ರಕರಣ ಓದಿದರೆ ನಮ್ಮೂರಿನ ಜಮೀನು ತಗಾದೆಯೇ ಕಣ್ಣ ಮುಂದೆ ಬರುತ್ತದೆ. ಒಬ್ಬ ಸಿರಿವಂತ ಕ್ರೈಸ್ತನಾಗಿ ಚರ್ಚಿಗೆ ಜಾಗ ಬರೆದುಕೊಟ್ಟ. ಪುರೋಹಿತರು ಒಲಿಸಿದ ಮೇಲೆ ಮನಸ್ಸು ಬದಲಿಸಿ ಜಾಗ ವಾಪಸ್ ಕೇಳಿದ. ಪಾದ್ರಿ ಪತ್ರ ಕೊಡದೆ ಅದನ್ನು ತೆಗೆದುಕೊಂಡು ಓಡಿಹೋದ. ಕಟ್ಟಡ ಬೆಂಕಿಗುಡಿಯಾಯಿತು. ಇದೇನೂ ಗೊತ್ತಿಲ್ಲದೆ ನರ್ಸೆ ಎಂಬ ಸಂನ್ಯಾಸಿ ಅಲ್ಲಿಗೆ ಬಂದ. ಚರ್ಚಿನಲ್ಲಿ ಬೆಂಕಿ ಉರಿಯುತ್ತಿದೆ. ಆರಿಸಿಬಿಟ್ಟ. ತಿಂಗಳುಗಟ್ಟಲೆ ಸೆರೆಯಲ್ಲಿಟ್ಟು, ಬೆಂಕಿ ಮತ್ತೆ ಹಚ್ಚು, ಬಿಡುತ್ತೇವೆ ಅಂದರು. ಹಚ್ಚಲಿಲ್ಲ. ಕೊಂದರು.

ಎರಡೂ ಪ್ರಕರಣದಲ್ಲಿ ಮೊದಲ ಆಯ್ಕೆ ಸರಿಪಡಿಸು ಅನ್ನುವುದು, ಕತ್ತಿ ಆಮೇಲೆ. ಆದರೂ ಕತ್ತಿ ಕತ್ತಿಯೇ. ರಾಜ್ಯ ನೆಮ್ಮದಿಯಲ್ಲಿರಬೇಕು ಅನ್ನುವವನಿಗೆ ಪವಿತ್ರ ಬೆಂಕಿ ಆರಿಸುವವರನ್ನು ಸುಮ್ಮನೆ ಬಿಡಲು ಆಗುತ್ತಿರಲಿಲ್ಲ. ಮತಾಂತರ ಈಗ ದೊಡ್ಡ ಮನೆಗಳ ಒಳಗೂ ನುಗ್ಗಿತ್ತು. ಇಪ್ಪತ್ತು ವರ್ಷ ಹಿಡಿದಿಟ್ಟಿದ್ದ ಪುರೋಹಿತರ ಒತ್ತಡಕ್ಕೆ ಅವನು ಕೊನೆಗೆ ಜಾಗ ಬಿಟ್ಟ. ವಿಚಿತ್ರ ಅಂದರೆ, ಇಷ್ಟು ಮಾಡಿದರೂ ಪುರೋಹಿತರ ಪುಸ್ತಕದಲ್ಲಿ ಪಾಪಿ ಅನ್ನುವುದು ಅಳಿಯಲಿಲ್ಲ.

ಕುದುರೆ

ಅವನು ಸತ್ತದ್ದು ರಾಜಧಾನಿಯಲ್ಲಲ್ಲ. ದೂರದ ಗುರ್ಗಾನಿನಲ್ಲಿ, ಕ್ಯಾಸ್ಪಿಯನ್ ಸಮುದ್ರದ ಆಗ್ನೇಯಕ್ಕೆ.

ತಬರಿಯ ಪ್ರಕಾರ ಒಂದು ದಿನ ಎಲ್ಲಿಂದಲೋ ಒಂದು ಕುದುರೆ ಓಡಿಬಂದು ಅರಮನೆ ಬಾಗಿಲಲ್ಲಿ ನಿಂತಿತು. ಅಂಥ ಚೆಂದದ ಕುದುರೆ ಯಾರೂ ನೋಡಿರಲಿಲ್ಲ. ಲಾಯದವರು ಹತ್ತಿರ ಹೋದರೆ ಬಿಡಲಿಲ್ಲ. ರಾಜನೇ ಬಂದ. ಕಡಿವಾಣ ಹಾಕಿದ, ಜೀನು ಏರಿಸಿದ, ಹೊಟ್ಟೆಪಟ್ಟಿ ಬಿಗಿದ. ಕುದುರೆ ಅಲುಗಲಿಲ್ಲ. ಬಾಲದ ಕೆಳಗಿನ ಪಟ್ಟಿ ಕಟ್ಟಲು ಬಾಲ ಎತ್ತಿದಾಗ ತಿರುಗಿ ಎದೆಗೆ ಒದೆಯಿತು. ರಾಜ ಅಲ್ಲೇ ಸತ್ತ. ಕುದುರೆ ಮಾಯವಾಯಿತು. ದೇವರೇ ನಮ್ಮ ಮೇಲೆ ಕರುಣೆ ತೋರಿದ ಅಂತ ಜನ ಅಂದರಂತೆ. ಫಿರ್ದೌಸಿಯಲ್ಲಿ ಜಾಗ ಬೇರೆ. ತೂಸ್ ಬಳಿಯ ನೀರಿನಿಂದ ಬಿಳಿ ಕುದುರೆ ಎದ್ದು ಬಂದು, ಒದ್ದು, ಮತ್ತೆ ನೀರಿಗೆ ಇಳಿಯುತ್ತದೆ.

ಜೀನು ಕಟ್ಟುವ ಒಂದೊಂದು ಹಂತವನ್ನೂ ಇಷ್ಟು ಬಿಡಿಸಿ ಹೇಳುವ ಕಥೆ, ಸುತ್ತ ಯಾರು ನಿಂತಿದ್ದರು ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ಜರ್ಮನ್ ವಿದ್ವಾಂಸ ನೋಲ್ಡೆಕೆ 19ನೇ ಶತಮಾನದಲ್ಲೇ ಅನುಮಾನ ಪಟ್ಟಿದ್ದ: ಸರದಾರರೇ ದೂರದ ಊರಲ್ಲಿ ಮುಗಿಸಿ ಕುದುರೆಯ ಕಥೆ ಕಟ್ಟಿದರು ಅಂತ. ಡೇರೆಯ ಹಗ್ಗ, ಬಾಣ ಎರಡನ್ನೂ ನೋಡಿದ ಮೇಲೆ ನನಗೂ ಅವನ ಮಾತೇ ಸರಿ ಅನಿಸುತ್ತದೆ.

ಮುಂದಿನದು ಅದಕ್ಕೆ ಪುಷ್ಟಿ ಕೊಡುತ್ತದೆ. ಹಿರಿಮಗ ಶಾಪುರ್ ಅರ್ಮೇನಿಯದಲ್ಲಿ ರಾಜನಾಗಿದ್ದ. ಸುದ್ದಿ ತಿಳಿದು ರಾಜಧಾನಿಗೆ ಓಡಿಬಂದ. ಬಂದವನನ್ನು ಕೊಂದರು. ಪಾಪಿಯ ಸಂತಾನವೇ ಬೇಡ ಅಂತ ಖುಸ್ರೋ ಎಂಬ ದೂರದ ದಾಯಾದಿಯನ್ನು ಗಾದಿಗೆ ಕೂರಿಸಿದರು. ಇನ್ನೊಬ್ಬ ಮಗ ಬಹ್ರಾಮ್ ಹೀರಾದಲ್ಲಿ ಅರಬ್ ರಾಜರ ಮನೆಯಲ್ಲಿ ಬೆಳೆದಿದ್ದ. ಅವನು ಅರಬ್ ಸೈನ್ಯ ಕಟ್ಟಿಕೊಂಡು ಬಂದ. ಎರಡು ಸಿಂಹಗಳ ನಡುವೆ ಇಟ್ಟ ಕಿರೀಟವನ್ನು ಎತ್ತಿಕೊಂಡ ಅಂತ ಕಥೆ. ಸಿಂಹಕ್ಕಿಂತ ಹೊರಗೆ ನಿಂತ ಸೈನ್ಯವೇ ಜಾಸ್ತಿ ಕೆಲಸ ಮಾಡಿರಬೇಕು.

ಅದಕ್ಕೂ ಮುಂಚೆ ಒಂದು ಮಾತುಕತೆ ನಡೆಯಿತು. ಸರದಾರರು, ಪುರೋಹಿತರು ಅಪ್ಪನ ಪಾಪಗಳನ್ನು ಒಂದೊಂದಾಗಿ ಒದರಿದರು. ಬಹ್ರಾಮ್ ಅವರನ್ನು ಸುಳ್ಳುಗಾರರು ಅನ್ನಲಿಲ್ಲ. ನೀವು ಹೇಳುವುದು ನಿಜ, ನನಗೂ ಅಪ್ಪನ ನಡತೆ ಸರಿಬರುತ್ತಿರಲಿಲ್ಲ, ಅವನು ಕೆಡಿಸಿದ್ದನ್ನು ನಾನು ಸರಿ ಮಾಡುತ್ತೇನೆ, ಒಂದು ವರ್ಷದಲ್ಲಿ ಮಾಡದಿದ್ದರೆ ಗಾದಿ ಬಿಡುತ್ತೇನೆ ಅಂದ. ಒಂದು ವರ್ಷದ ಪ್ರೊಬೇಷನ್! ಅಪ್ಪನ ಮೇಲಿನ ಫಿರ್ಯಾದಿಗೆ ಮಗನೇ ರುಜು ಹಾಕಿಕೊಟ್ಟ. ಪಾಪಿ ಅನ್ನುವ ಹೆಸರು ಇಷ್ಟು ಗಟ್ಟಿಯಾಗಿ ನಿಂತದ್ದು ಆ ರುಜುವಿನಿಂದ ಅಂತ ನನ್ನ ಅನಿಸಿಕೆ.

ಬಹ್ರಾಮ್ ಕ್ರೈಸ್ತರ ಮೇಲಿನ ಕಿರುಕುಳ ಮುಂದುವರಿಸಿದ. ಅವರು ಗಡಿ ದಾಟಿ ಓಡಿದರು. ವಾಪಸ್ ಕೊಡಿ ಅಂದ, ರೋಮ್ ಕೊಡಲಿಲ್ಲ. 421ರಲ್ಲಿ ಯುದ್ಧ ಹತ್ತಿಕೊಂಡಿತು. ಮರುವರ್ಷ ಯಾರೂ ಗೆಲ್ಲದೆ ಒಪ್ಪಂದಕ್ಕೆ ಕೂತರು. ಪರ್ಷಿಯಾದಲ್ಲಿ ಕ್ರೈಸ್ತರು, ರೋಮ್‌ನಲ್ಲಿ ಬೆಂಕಿಪೂಜಕರು ತಮ್ಮ ತಮ್ಮ ಧರ್ಮ ನಡೆಸಿಕೊಳ್ಳಬಹುದು ಅಂತ ಒಪ್ಪಂದದಲ್ಲಿ ಬರೆಸಿದರು. ಪಾಪಿ 410ರಲ್ಲಿ ಯುದ್ಧವಿಲ್ಲದೆ ಕೊಟ್ಟಿದ್ದು ಹೆಚ್ಚುಕಡಿಮೆ ಇದನ್ನೇ.